ಮಳೆಗಾಲದ ಟೊಮೆಟೊಗೆ ಒಂದು ಗುಂಟೆ ಸೂರು

ಕಲಬುರಗಿ ಎಂದರೆ ಬಿಸಿಲು ಎಂದು ಹೊರಗಿನವರು ಹೇಳುತ್ತಾರೆ. ನಾವೂ ಹಾಗೇ ಹೇಳಿಕೊಂಡು ಬೆಳೆದಿದ್ದೇವೆ. ಆದರೆ ನಮ್ಮ ಹೊಲದ ಟೊಮೆಟೊ ಗಿಡಕ್ಕೆ ಬಿಸಿಲಿಗಿಂತ ದೊಡ್ಡ ಶತ್ರು ಮಳೆ. ಬಿಸಿಲಿಗೆ ಬಾಡಿದ ಗಿಡ ಸಂಜೆ ನೀರು ಕುಡಿದರೆ ಮತ್ತೆ ತಲೆ ಎತ್ತುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಡದೆ ಜಿಟಿಜಿಟಿ ಹಿಡಿದರೆ ಎರೆಭೂಮಿಯ ಟೊಮೆಟೊ ನಿಂತಲ್ಲೇ ಕೊಳೆಯುತ್ತದೆ.

ಅಂಥ ವಾರಗಳಲ್ಲಿ ಕಣ್ಣಿ ಮಾರ್ಕೆಟ್‌ಗೆ ಹೋದರೆ ಸುತ್ತಲಿನ ಹಳ್ಳಿಗಳ ಮಾಲು ಕಡಿಮೆ, ದೂರದಿಂದ ಲಾರಿಯಲ್ಲಿ ಬಂದ ಕ್ರೇಟುಗಳು ಹೆಚ್ಚು. ಕೇಳಿದರೆ, "ಮಳಿಗಿ ಎಲ್ಲಾ ಕೊಳತ ಹೋಗ್ಯಾದ ಅಣ್ಣಾ, ಇದು ಹೊರಗಿನ ಮಾಲು" ಎಂಬ ಉತ್ತರ. ಬೆಲೆ ಏರಿದಾಗಲೆಲ್ಲ ಕೇಂದ್ರ ಸರ್ಕಾರ ಕೊಡುವ ವಿವರಣೆಯೂ ಇದೇ ಧಾಟಿಯದು: ಜುಲೈ–ಆಗಸ್ಟ್ ಮತ್ತು ಅಕ್ಟೋಬರ್–ನವೆಂಬರ್ ದೇಶದಲ್ಲಿ ಟೊಮೆಟೊ ಉತ್ಪಾದನೆ ಕುಗ್ಗುವ ತಿಂಗಳುಗಳು. ಅಂದರೆ ಎಲ್ಲರ ಹೊಲದಲ್ಲೂ ಹಣ್ಣು ಹಾಳಾಗುವ ಹೊತ್ತಿಗೆ ಯಾರ ಬಳಿ ನಾಲ್ಕು ಕ್ರೇಟು ಉಳಿದಿರುತ್ತದೋ ಅವರಿಗೆ ಬೆಲೆ ಸಿಗುತ್ತದೆ.

ರೋಜಾದ ಬಾಡಿಗೆ ಕೋಣೆಗಳಲ್ಲಿ ಕೂತು ಪಿಎಸ್‌ಐ, ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವ ನಮ್ಮಂಥವರಲ್ಲಿ ಅನೇಕರ ಊರು ಕಮಲಾಪುರ ಕಡೆ. ಮನೆಯಲ್ಲಿ ಎರಡೋ ಮೂರೋ ಎಕರೆ ಇರುತ್ತದೆ. ಬಿತ್ತುವುದು ತೊಗರಿ. ಅದು ವರ್ಷಕ್ಕೊಮ್ಮೆ ಕೈಗೆ ರೊಕ್ಕ ಕೊಡುವ ಬೆಳೆ. ಅಧಿಸೂಚನೆಗೆ ಕಾಯುವ, ಫಲಿತಾಂಶಕ್ಕೆ ಕಾಯುವ, ಮರುಪರೀಕ್ಷೆಗೆ ಕಾಯುವ ತಿಂಗಳುಗಳಲ್ಲಿ ಕೋಣೆ ಬಾಡಿಗೆಗಾದರೂ ಏನು ಮಾಡುವುದು ಎಂಬ ಪ್ರಶ್ನೆ ಎಲ್ಲರಿಗೂ ಇದೆ. ಆಗ ಯಾರಾದರೊಬ್ಬರು "ಪಾಲಿಹೌಸ್ ಹಾಕು, ಸಬ್ಸಿಡಿ ಸಿಗ್ತದ" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಮಾತಿನ ಹಿಂದೆ ಲಕ್ಷಗಟ್ಟಲೆ ಸಾಲ ನಿಂತಿರುತ್ತದೆ. ಮಳೆಯಿಂದ ಟೊಮೆಟೊ ಉಳಿಸಿಕೊಳ್ಳಲು ಅಷ್ಟು ದೊಡ್ಡ ಕಟ್ಟಡ ಬೇಡ, ತಲೆಯ ಮೇಲೊಂದು ಸೂರು ಸಾಕು. ಆ ಸೂರನ್ನು ಒಂದು ಗುಂಟೆಯಿಂದ ಆರಂಭಿಸಬೇಕು ಎಂಬುದೇ ಈ ಲೇಖನದ ಮಾತು.

ಮಳೆ ಟೊಮೆಟೊವನ್ನು ಹೇಗೆ ಕೊಲ್ಲುತ್ತದೆ?

ಮಳೆನೀರು ಗಿಡಕ್ಕೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಬೇರಿಗೆ ಒಳ್ಳೆಯದು, ಎಲೆಗೆ ಅಲ್ಲ. ಟೊಮೆಟೊದ ಹೆಚ್ಚಿನ ಎಲೆರೋಗಗಳು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾದಿಂದ ಬರುತ್ತವೆ. ಶಿಲೀಂಧ್ರದ ಬೀಜಕಣ ಗಾಳಿಯಲ್ಲಿ ತೇಲಿ ಬಂದು ಎಲೆಯ ಮೇಲೆ ಕೂರುತ್ತದೆ. ಎಲೆ ಒಣಗಿದ್ದರೆ ಅದು ಮೊಳೆಯುವುದು ಕಷ್ಟ. ಎಲೆಯ ಮೇಲೆ ಕೆಲವು ಗಂಟೆ ನೀರಿನ ಪದರ ನಿಂತರೆ ಅದು ಮೊಳೆತು ಒಳಗೆ ಇಳಿಯುತ್ತದೆ. ನಮ್ಮ ಭಾಗದ ಬೆಚ್ಚನೆಯ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು ಎಲೆಯ ಮೇಲೆ ಉಂಗುರ ಉಂಗುರವಾಗಿ ಕಂದು ಚುಕ್ಕೆ ಮೂಡಿಸುವ ಅಂಗಮಾರಿ. ಕೋಲಾರ, ಚಿಕ್ಕಬಳ್ಳಾಪುರ, ಹಾಸನದಂಥ ತಂಪು ಕಡೆಗಳಲ್ಲಿ ಇನ್ನೊಂದು ಬಗೆಯ ಅಂಗಮಾರಿ ವಾರದೊಳಗೆ ಹೊಲವನ್ನೇ ಸುಟ್ಟಂತೆ ಮಾಡುತ್ತದೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶ ಮಾಡಿ ಭೀಕರ ಬರಗಾಲ ತಂದದ್ದು ಇದೇ ಜೀವಿ. ಆಲೂಗಡ್ಡೆಯೂ ಟೊಮೆಟೊವೂ ಒಂದೇ ಕುಲದವು.

ಎರಡನೆಯದು ಮಣ್ಣಿನ ಸಿಡಿತ. ಜೋರಾದ ಹನಿ ನೆಲಕ್ಕೆ ಬಿದ್ದಾಗ ಮಣ್ಣಿನ ಕಣಗಳು ಕೆಳಗಿನ ಎಲೆಗಳಿಗೆ ಚಿಮ್ಮುತ್ತವೆ. ಹಳೆಯ ಬೆಳೆಯ ಉಳಿಕೆಯಲ್ಲಿದ್ದ ರೋಗಾಣು ಅದರ ಜೊತೆಗೇ ಏರುತ್ತದೆ. ರೋಗ ಕೆಳಗಿನ ಎಲೆಯಲ್ಲಿ ಕಾಣಿಸಿಕೊಂಡು ಮೇಲಕ್ಕೆ ಹತ್ತುವುದಕ್ಕೆ ಇದು ಮುಖ್ಯ ಕಾರಣ.

ಮೂರನೆಯದು ಬೇರು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಎರೆಮಣ್ಣು ನೀರು ಹಿಡಿದರೆ ಬೇಗ ಬಿಡುವುದಿಲ್ಲ. ತೊಗರಿಗೆ, ಹಿಂಗಾರಿ ಜೋಳಕ್ಕೆ ಈ ಗುಣವೇ ವರ. ಟೊಮೆಟೊಗೆ ಅದೇ ಶಾಪ. ನೀರು ನಿಂತ ಮಣ್ಣಿನಲ್ಲಿ ಬೇರು ಉಸಿರುಗಟ್ಟಿ, ಹಸಿರಾಗಿದ್ದ ಗಿಡ ಎರಡು ದಿನದಲ್ಲಿ ಜೋತು ಬೀಳುತ್ತದೆ. ನಾಲ್ಕನೆಯದು ಹೂ ಮತ್ತು ಹಣ್ಣು. ಒದ್ದೆ ಹವೆಯಲ್ಲಿ ಪರಾಗ ಅಂಟಿಕೊಂಡು ಉದುರುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಕಚ್ಚಿದ ಕಾಯಿ ಹಣ್ಣಾಗುವ ಹೊತ್ತಿಗೆ ಒಮ್ಮೆಲೇ ಮಳೆ ಸುರಿದರೆ ಸಿಪ್ಪೆ ಬಿರಿಯುತ್ತದೆ. ಬಿರಿದ ಹಣ್ಣನ್ನು ಅಡತಿ ಅಂಗಡಿಯಲ್ಲಿ ಯಾರೂ ಮುಟ್ಟುವುದಿಲ್ಲ.

ಈ ನಾಲ್ಕರಲ್ಲಿ ಮೂರಕ್ಕೆ ಮದ್ದು ಒಂದೇ: ಹನಿ ಗಿಡದ ಮೇಲೆ ಬೀಳದಂತೆ ನೋಡಿಕೊಳ್ಳುವುದು. ಔಷಧಿ ಸಿಂಪಡಿಸಿದರೂ ಮರುದಿನದ ಮಳೆ ಅದನ್ನು ತೊಳೆದುಹಾಕುತ್ತದೆ. ರೊಕ್ಕ ಮಣ್ಣುಪಾಲು, ವಿಷ ಮಣ್ಣುಪಾಲು.

ಕಾಸರಗೋಡಿನಿಂದ ಕಲಿಯಬೇಕಾದ್ದು

ಮಳೆಯೊಂದಿಗೆ ಬದುಕುವುದನ್ನು ಕಲಿಯಬೇಕಾದರೆ ಮಳೆಯ ಊರಿಗೇ ಹೋಗಬೇಕು. ಕಲಬುರಗಿಯಲ್ಲಿ ವರ್ಷಕ್ಕೆ ಬೀಳುವ ಮಳೆ 700ರಿಂದ 800 ಮಿ.ಮೀ. ಆಸುಪಾಸು. ಕನ್ನಡಿಗರು ಮಲಯಾಳಿಗಳ ಜೊತೆ ಬಾಳುತ್ತಿರುವ ಕಾಸರಗೋಡಿನಲ್ಲಿ ಅದು 3,000 ಮಿ.ಮೀ. ದಾಟುತ್ತದೆ. ಅಲ್ಲಿ ಮಳೆಗಾಲದಲ್ಲಿ ಬಯಲಿನಲ್ಲಿ ಟೊಮೆಟೊ ಬೆಳೆಯುವುದು ಹೆಚ್ಚುಕಡಿಮೆ ಅಸಾಧ್ಯ. ಕೇರಳಕ್ಕೆ ಬೇಕಾದ ಟೊಮೆಟೊದ ದೊಡ್ಡ ಪಾಲು ಕರ್ನಾಟಕ, ತಮಿಳುನಾಡುಗಳಿಂದಲೇ ಹೋಗುತ್ತದೆ.

ಆದರೂ ಅಲ್ಲಿನ ಮನೆಯ ಹಿತ್ತಲುಗಳಲ್ಲಿ ಮಳೆಗಾಲದ ಬೆಂಡೆ, ಮೆಣಸಿನಕಾಯಿ, ಟೊಮೆಟೊ, ಹರಿವೆ ಬೆಳೆಯುತ್ತವೆ. ಅದಕ್ಕೆ ಅವರು ಕಂಡುಕೊಂಡ ಉಪಾಯ 'ಮಳಮರ', ನಮ್ಮ ಮಾತಿನಲ್ಲಿ ಮಳೆಮರೆ. ಬಿದಿರು, ಅಡಿಕೆ ಮರ ಅಥವಾ ಕಬ್ಬಿಣದ ಪೈಪಿನ ಕಂಬ, ಮೇಲೆ ಬಿಸಿಲಿಗೆ ಬೇಗ ಹಾಳಾಗದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ನಾಲ್ಕು ಬದಿಯೂ ಬಯಲು. ಗೋಡೆಯಿಲ್ಲ, ಫ್ಯಾನ್ ಇಲ್ಲ, ಮೋಟಾರಿಲ್ಲ. ಕೇರಳ ಕೃಷಿ ವಿಶ್ವವಿದ್ಯಾಲಯ ಇದನ್ನು ಶಿಫಾರಸು ಮಾಡಿದೆ. ಪಂಚಾಯಿತಿ ಮಟ್ಟದ ಕೃಷಿ ಭವನಗಳ ಮೂಲಕ ಸಹಾಯಧನವೂ ಸಿಕ್ಕಿದೆ. ಸಾಮಾನ್ಯ ಅಳತೆ 100 ಚದರ ಮೀಟರ್. ನಮ್ಮ ಒಂದು ಗುಂಟೆ, ಅಂದರೆ 33 ಅಡಿ ಉದ್ದ 33 ಅಡಿ ಅಗಲ, 101 ಚದರ ಮೀಟರ್. ಲೆಕ್ಕ ಸರಿಯಾಗಿ ಕೂಡುತ್ತದೆ.

ಅಲ್ಲಿನ ಹುಳಿಮಣ್ಣಿನಲ್ಲಿ ಗಿಡವನ್ನು ದಿಢೀರನೆ ಬಾಡಿಸುವ ಬ್ಯಾಕ್ಟೀರಿಯಾ ಸೊರಗು ರೋಗವೂ ಇದೆ. ಅದಕ್ಕಾಗಿ ಕೇರಳದವರು 'ಶಕ್ತಿ', 'ಮುಕ್ತಿ', 'ಅನಘ' ಎಂಬ ತಡೆಗುಣದ ಟೊಮೆಟೊ ತಳಿಗಳನ್ನು ರೂಪಿಸಿಕೊಂಡರು. ಮಳೆಯನ್ನು ಸೂರು ತಡೆಯಬೇಕು, ಮಣ್ಣಿನ ರೋಗವನ್ನು ತಳಿ ತಡೆಯಬೇಕು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಪಾಲಿಹೌಸ್ ಬೇರೆ, ಮಳೆಸೂರು ಬೇರೆ

ಪಾಲಿಹೌಸ್ ಎಂದರೆ ಸುತ್ತಲೂ ಮುಚ್ಚಿದ, ಒಳಗಿನ ಹವೆಯನ್ನೇ ಬದಲಿಸುವ ಮನೆ. ಅದು ಹುಟ್ಟಿದ್ದು ಚಳಿಯ ದೇಶಗಳಲ್ಲಿ. ನೆದರ್ಲೆಂಡಿನ ಗಾಜಿನ ಮನೆಗಳು ಸೂರ್ಯನ ಶಾಖವನ್ನು ಒಳಗೆ ಹಿಡಿದಿಡಲು ಕಟ್ಟಿದವು. ಕಲಬುರಗಿಯಲ್ಲಿ ಶಾಖದ ಕೊರತೆ ಯಾರಿಗಿದೆ? ಹಗಲು 35 ಡಿಗ್ರಿ ದಾಟಿದರೆ ಟೊಮೆಟೊ ಹೂ ಉದುರಿಸುತ್ತದೆ. 32 ಡಿಗ್ರಿ ಮೇಲೆ ಹಣ್ಣಿಗೆ ಕೆಂಪು ಬಣ್ಣ ಸರಿಯಾಗಿ ಬರುವುದಿಲ್ಲ, ಹಳದಿಯಾಗಿಯೇ ಉಳಿಯುತ್ತದೆ. ಹೊರಗೆ 41, 42 ಡಿಗ್ರಿ ಇರುವ ಏಪ್ರಿಲ್, ಮೇನಲ್ಲಿ ಮುಚ್ಚಿದ ಮನೆಯೊಳಗೆ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಅದೇ ಮನೆಯೊಳಗೆ ತೇವ ಕೂಡಿಕೊಂಡು, ಹನಿ ಬೀಳದಿದ್ದರೂ ಎಲೆ ಬೆವರುತ್ತದೆ.

ಇನ್ನು ಹಣದ ಮಾತು. 2014ರ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ ಮಾರ್ಗಸೂಚಿಯಲ್ಲಿ, ಫ್ಯಾನ್ ಇಲ್ಲದ ಸಹಜ ಗಾಳಿಯಾಡುವ ಪೈಪ್ ಪಾಲಿಹೌಸಿಗೆ ದೊಡ್ಡ ಅಳತೆಯಲ್ಲಿ ಚದರ ಮೀಟರಿಗೆ 844 ರೂಪಾಯಿ ವೆಚ್ಚ ನಿಗದಿಯಾಗಿತ್ತು. ಸಹಾಯಧನ ಅದರ ಅರ್ಧ, ಒಬ್ಬರಿಗೆ ಗರಿಷ್ಠ 4,000 ಚದರ ಮೀಟರ್, ಅಂದರೆ ಸುಮಾರು ಒಂದು ಎಕರೆ. ಗುಣಿಸಿ ನೋಡಿ: ಎಕರೆಗೆ 33 ಲಕ್ಷ 76 ಸಾವಿರ. ಅರ್ಧ ಸಹಾಯಧನ ಬಂದರೂ 16 ಲಕ್ಷ 88 ಸಾವಿರ ನಿಮ್ಮ ಕೈಯಿಂದ ಅಥವಾ ಬ್ಯಾಂಕಿನಿಂದ ಬರಬೇಕು. ಅದು ಆಗಿನ ದರ. ಈಗಿನ ದರ, ಮಿತಿ, ನಿಯಮಗಳನ್ನು ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿಯೇ ಕೇಳಬೇಕು. ಸಹಾಯಧನ ಸಾಮಾನ್ಯವಾಗಿ ಕಟ್ಟಿ ಮುಗಿದ ಮೇಲೆ, ತಪಾಸಣೆ ಆದ ಮೇಲೆ ಬರುತ್ತದೆ. ಸಾಲದ ಬಡ್ಡಿ ಮಾತ್ರ ಮೊದಲ ತಿಂಗಳಿನಿಂದಲೇ ಓಡುತ್ತದೆ.

ಪಾಲಿಹೌಸ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಬೆಂಗಳೂರಿನ ಸುತ್ತ ಬಣ್ಣದ ದೊಣ್ಣೆಮೆಣಸು, ಗುಲಾಬಿ, ಜರ್ಬೆರಾ ಬೆಳೆದು ಗೆದ್ದವರಿದ್ದಾರೆ. ಅಲ್ಲಿ ತಂಪು ಹವೆಯಿದೆ, ದುಬಾರಿ ಮಾಲು ಕೊಳ್ಳುವ ಪೇಟೆ ಪಕ್ಕದಲ್ಲಿದೆ. ಅನುಭವವಿಲ್ಲದ 23 ವರ್ಷದ ಪದವೀಧರ ಅಪ್ಪನ ಹೊಲದ ಪಹಣಿ ಬ್ಯಾಂಕಿಗೆ ಕೊಟ್ಟು, ಮೊದಲ ಬೆಳೆಯನ್ನೇ 17 ಲಕ್ಷದ ಸೂರಿನ ಕೆಳಗೆ ಕಲಿಯಲು ಹೊರಡುವುದು ಅಪಾಯ.

ನಮ್ಮ ನೆಲಕ್ಕೆ ಹೊಂದುವ ಸೂರು

ಒಂದು ಗುಂಟೆಯ ಮಳೆಸೂರಿಗೆ 20 ಅಡಿ ಅಗಲ, 54 ಅಡಿ ಉದ್ದದ ಜಾಗ ಸಾಕು. ಚೌಕಕ್ಕಿಂತ ಉದ್ದನೆಯ ಆಕಾರ ಒಳ್ಳೆಯದು, ಗಾಳಿ ಅಡ್ಡ ಹಾಯುತ್ತದೆ. ಬದಿಯ ಕಂಬ 7ರಿಂದ 8 ಅಡಿ, ನಡುವಿನ ಕಂಬ 11 ಅಡಿಯಷ್ಟಿದ್ದರೆ ನೀರು ನಿಲ್ಲದೆ ಜಾರುತ್ತದೆ, ಬಿಸಿಗಾಳಿಯೂ ಗಿಡದ ನೆತ್ತಿಯ ಮೇಲೆ ಕೂರುವುದಿಲ್ಲ. ಬದಿಯಲ್ಲಿ ಹಾಳೆ ಒಂದೂವರೆ ಅಡಿ ಹೊರಚಾಚಿರಬೇಕು. ಇಲ್ಲದಿದ್ದರೆ ಇರಚಲು ಹೊರಸಾಲಿನ ಗಿಡಗಳನ್ನು ತೋಯಿಸುತ್ತದೆ.

ಹಾಳೆ 200 ಮೈಕ್ರಾನ್ ದಪ್ಪದ್ದು, ಅತಿನೇರಳೆ ಕಿರಣ ತಡೆಯುವ ಗುಣದ್ದು ಆಗಿರಲಿ. ಬಜಾರಿನ ಸಾದಾ ತಾಡಪತ್ರಿ ಒಂದೇ ಬೇಸಿಗೆಗೆ ಪುಡಿಯಾಗುತ್ತದೆ, ಬೆಳಕನ್ನೂ ತಡೆಯುತ್ತದೆ. ಒಳ್ಳೆಯ ಹಾಳೆ ಸುಮಾರು ಮೂರು ವರ್ಷ ಬಾಳುತ್ತದೆ. ಈ ಅಳತೆಯ ಸೂರಿಗೆ ಹೊರಚಾಚು ಸೇರಿ 130 ಚದರ ಮೀಟರಿನಷ್ಟು ಹಾಳೆ ಬೇಕು. ತೂಕದಲ್ಲಿ ಅದು ಸುಮಾರು 24 ಕೆಜಿ. ಅಂಗಡಿಯಲ್ಲಿ ಕೆಜಿ ದರ ಕೇಳಿ ಗುಣಿಸಿದರೆ ಹಾಳೆಯ ಖರ್ಚು ಕೈಗೆ ಬಂತು. ಕಂಬಕ್ಕೆ ಬಿದಿರು ಅಗ್ಗ, ಆದರೆ ನೆಲದೊಳಗಿನ ಭಾಗ ಗೆದ್ದಲಿಗೆ ಆಹಾರ. ಬುಡಕ್ಕೆ ಡಾಂಬರು ಬಳಿದರೆ ಬಾಳಿಕೆ ಹೆಚ್ಚು. ಕಬ್ಬಿಣದ ಪೈಪಿಗೆ ಮೊದಲ ಖರ್ಚು ಜಾಸ್ತಿ, ಬಾಳಿಕೆಯೂ ಜಾಸ್ತಿ.

ನಮ್ಮ ಕಡೆಯ ದೊಡ್ಡ ಭಯ ಗಾಳಿ. ಏಪ್ರಿಲ್–ಮೇ ತಿಂಗಳ ಗುಡುಗು ಗಾಳಿ, ಆಲಿಕಲ್ಲು. ಜೂನ್–ಜುಲೈಯ ಪಡುವಣ ಗಾಳಿ. ಸೂರಿನ ಉದ್ದವನ್ನು ಪೂರ್ವ–ಪಶ್ಚಿಮಕ್ಕೆ ಇಟ್ಟರೆ ಪಡುವಣ ಗಾಳಿಗೆ ಕಿರಿದಾದ ಮುಖ ಎದುರಾಗುತ್ತದೆ. ಹಾಳೆಯನ್ನು ಮೊಳೆ ಹೊಡೆದು ಕೂರಿಸಬಾರದು, ತೂತು ಬಿದ್ದಲ್ಲಿಂದಲೇ ಹರಿಯುತ್ತದೆ. ಪಟ್ಟಿ ಮತ್ತು ಸ್ಪ್ರಿಂಗಿನಿಂದ ಬಿಗಿದು, ಮೇಲಿನಿಂದ ಹಗ್ಗ ಕಟ್ಟಬೇಕು. ಹಾಳೆಯನ್ನು ಬೇಸಿಗೆ ಗುಡುಗು ಕಳೆದ ಮೇಲೆ ಜೂನ್ ಆರಂಭದಲ್ಲಿ ಹೊದಿಸಿ, ಡಿಸೆಂಬರಿನಲ್ಲಿ ಬಿಚ್ಚಿ ಮಡಚಿಟ್ಟರೆ ಅದರ ಆಯುಷ್ಯವೂ ಹೆಚ್ಚುತ್ತದೆ. ಬೇಸಿಗೆಯಲ್ಲಿ ಅದೇ ಕಂಬಗಳ ಮೇಲೆ ನೆರಳು ಪರದೆ ಹಾಕಿದರೆ ಸೊಪ್ಪು ಬೆಳೆಯಬಹುದು. ಹೀಗೆ ಒಂದೇ ಚೌಕಟ್ಟು ಮಳೆಗೂ ಬಿಸಿಲಿಗೂ ದುಡಿಯುತ್ತದೆ.

ಸೂರಿನ ಕೆಳಗೆ ನೆಲವನ್ನು ಮುಕ್ಕಾಲು ಅಡಿಯಿಂದ ಒಂದು ಅಡಿ ಎತ್ತರದ ಮಡಿ ಮಾಡಬೇಕು. ಎರೆಭೂಮಿಗೆ ಇದು ಕಡ್ಡಾಯ. ಮೂರು ಅಡಿ ಅಗಲದ ಮೂರು ಮಡಿ, ಒಂದೊಂದರಲ್ಲಿ ಜೋಡಿ ಸಾಲು, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಹೀಗೆ ನೆಟ್ಟರೆ ಸುಮಾರು 200 ಗಿಡ ಕೂರುತ್ತವೆ. ಸುತ್ತ ಕಾಲುವೆ ತೆಗೆದು ಚಾವಣಿಯ ನೀರು ಒಳನುಗ್ಗದಂತೆ ನೋಡಿಕೊಳ್ಳಬೇಕು. ಗಿಡವನ್ನು ದಾರಕ್ಕೆ ಕಟ್ಟಿ ಮೇಲಕ್ಕೆ ಹತ್ತಿಸಿ, ಪಕ್ಕದ ಚಿಗುರು ಚಿವುಟಿ, ಕೆಳಗಿನ ಹಳೆ ಎಲೆ ತೆಗೆದರೆ ಬುಡದಲ್ಲಿ ಗಾಳಿ ಆಡುತ್ತದೆ. ಬೆಳಿಗ್ಗೆ 9ರಿಂದ 11ರೊಳಗೆ ಆ ದಾರಗಳನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪರಾಗ ಉದುರಿ ಕಾಯಿ ಚೆನ್ನಾಗಿ ಕಚ್ಚುತ್ತದೆ.

ಮಳೆಯಲ್ಲೂ ನೀರು ಕೊಡಬೇಕು

ಹೊರಗೆ ಮಳೆ ಸುರಿಯುತ್ತಿದ್ದರೂ ಸೂರಿನ ಕೆಳಗಿನ ಗಿಡಕ್ಕೆ ಹನಿ ನೀರಾವರಿ ಬೇಕೇ ಬೇಕು. ಒಂದು ದಿನ ಒಣಗಿಸಿ ಮರುದಿನ ತುಂಬಾ ನೀರು ಬಿಟ್ಟರೆ ಹಣ್ಣು ಬಿರಿಯುತ್ತದೆ. ನೀರು ಏರುಪೇರಾದರೆ ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಅಲ್ಲಿ ಕಪ್ಪು ಮಚ್ಚೆ ಮೂಡುತ್ತದೆ. ದಿನವೂ ಸ್ವಲ್ಪ, ದಿನವೂ ಅಷ್ಟೇ. ಇದು ನಿಯಮ.

ಆ ನೀರನ್ನು ಸೂರೇ ಹಿಡಿದುಕೊಡುತ್ತದೆ. 100 ಚದರ ಮೀಟರ್ ಚಾವಣಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 1,000 ಲೀಟರ್. ಜೂನ್‌ನಿಂದ ಅಕ್ಟೋಬರ್‌ವರೆಗೆ 600 ಮಿ.ಮೀ. ಸುರಿದರೆ 60,000 ಲೀಟರ್. 200 ಗಿಡಕ್ಕೆ ದಿನಕ್ಕೆ ಒಂದೂವರೆ ಲೀಟರಿನಂತೆ 120 ದಿನ ಕೊಟ್ಟರೂ 36,000 ಲೀಟರ್ ಸಾಕು. ಸೋರಿಕೆ, ಆವಿಯ ಲೆಕ್ಕ ಬಿಟ್ಟರೂ ಸೂರು ತನ್ನ ಬೆಳೆಗೆ ಬೇಕಾದ ನೀರನ್ನು ತಾನೇ ದುಡಿಯಬಲ್ಲದು. ಪಕ್ಕದಲ್ಲೊಂದು ಹಾಳೆ ಹಾಸಿದ ಗುಂಡಿ ಇದ್ದರಾಯಿತು. ಬೋರ್‌ವೆಲ್ ಇಲ್ಲದ ಮನೆಯ ಹುಡುಗರೂ ಇದನ್ನು ಯೋಚಿಸಬಹುದು.

ಬೇರು ಬದನೆಯದು, ಹಣ್ಣು ಟೊಮೆಟೊದು

ಸೂರು ಮೇಲಿನ ನೀರನ್ನು ತಡೆದರೂ ಕೆಳಗಿನ ಎರೆಮಣ್ಣು ಪಕ್ಕದಿಂದ ತೇವ ಎಳೆದುಕೊಳ್ಳುತ್ತದೆ. ಅದಕ್ಕೆ ಉತ್ತರ ತೈವಾನಿನಲ್ಲಿದೆ. 1971ರಲ್ಲಿ ಅಲ್ಲಿ ಸ್ಥಾಪನೆಯಾದ ಏಷ್ಯಾ ತರಕಾರಿ ಸಂಶೋಧನಾ ಕೇಂದ್ರ, ಈಗಿನ ವಿಶ್ವ ತರಕಾರಿ ಕೇಂದ್ರ, ಬಿಸಿಯೂ ಒದ್ದೆಯೂ ಆದ ಋತುವಿನಲ್ಲಿ ಟೊಮೆಟೊ ಬೆಳೆಯುವ ಮೂರು ಉಪಾಯಗಳನ್ನು ಒಟ್ಟಿಗೆ ಹೇಳಿಕೊಟ್ಟಿತು: ಎತ್ತರದ ಮಡಿ, ಮಳೆಸೂರು, ಕಸಿ. ಟೊಮೆಟೊ ಸಸಿಯ ತುದಿಯನ್ನು ಬದನೆ ಸಸಿಯ ಬುಡಕ್ಕೆ ಕಸಿ ಕಟ್ಟುವುದು ಈ ಮೂರನೆಯ ಉಪಾಯ. ಬದನೆಯ ಬೇರು ನೀರು ನಿಂತ ಮಣ್ಣನ್ನು ಟೊಮೆಟೊಗಿಂತ ಹೆಚ್ಚು ದಿನ ತಾಳುತ್ತದೆ. ತಕ್ಕ ಬದನೆ ತಳಿಯಾದರೆ ಸೊರಗು ರೋಗವನ್ನೂ ತಡೆಯುತ್ತದೆ. ವಿಯೆಟ್ನಾಮಿನ ರೈತರು ಕಸಿ ಟೊಮೆಟೊವನ್ನು ದೊಡ್ಡ ಪ್ರಮಾಣದಲ್ಲಿ ಅಳವಡಿಸಿಕೊಂಡಿದ್ದಾರೆ.

ಕಸಿ ಕಟ್ಟುವುದು ಕೈಚಳಕದ ಕೆಲಸ. ಎರಡೂ ಸಸಿಗಳ ಕಾಂಡ ಒಂದೇ ದಪ್ಪವಿರಬೇಕು, ಓರೆಯಾಗಿ ಕತ್ತರಿಸಿ ಸಣ್ಣ ರಬ್ಬರ್ ನಳಿಕೆಯಲ್ಲಿ ಜೋಡಿಸಬೇಕು, ವಾರದಷ್ಟು ದಿನ ನೆರಳು ಮತ್ತು ತೇವದಲ್ಲಿ ಇಡಬೇಕು. ಬ್ಲೇಡು, ಸ್ಪಿರಿಟ್, ತಾಳ್ಮೆ ಇಷ್ಟೇ ಬಂಡವಾಳ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕಾಂಡದ ಅಡ್ಡಸೀಳು ಮಾಡಿದ ಬಿಎಸ್‌ಸಿ ವಿದ್ಯಾರ್ಥಿನಿಗೆ ಇದು ಹೊಸ ವಿದ್ಯೆಯೇನಲ್ಲ.

ಸೂರಿನ ಕೆಳಗೂ ಶತ್ರುಗಳಿದ್ದಾರೆ

ಮಳೆ ತಪ್ಪಿತೆಂದು ಎಲ್ಲವೂ ತಪ್ಪಿದಂತಲ್ಲ. ಬಿಳಿನೊಣ ತರುವ ಎಲೆಮುಟುರು ನಂಜಿಗೆ ಸೂರು ತಡೆಯಲ್ಲ, ಬದಿ ಬಯಲಾದ್ದರಿಂದ ನೊಣ ಆರಾಮಾಗಿ ಬರುತ್ತದೆ. ಸಸಿ ಹಂತದಲ್ಲಿ ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ ಬೆಳೆಸಿದರೆ ಅರ್ಧ ಯುದ್ಧ ಗೆದ್ದಂತೆ, ಏಕೆಂದರೆ ಎಳೆಯ ಗಿಡಕ್ಕೆ ತಗುಲಿದ ನಂಜೇ ಹೆಚ್ಚು ನಷ್ಟ ಮಾಡುವುದು. ದಕ್ಷಿಣ ಅಮೆರಿಕ ಮೂಲದ 'ಟೂಟಾ' ಎಂಬ ಎಲೆ ಸುರಂಗದ ಹುಳು 2014ರಲ್ಲಿ ಭಾರತದಲ್ಲಿ ಕಾಣಿಸಿಕೊಂಡಿತು. ಅದಕ್ಕೆ ಮೋಹಕ ಬಲೆ ಕಟ್ಟಿ ಕಣ್ಣಿಡಬೇಕು.

ತಳಿಯ ಆಯ್ಕೆಯಲ್ಲಿ ನಮ್ಮ ರಾಜ್ಯದ ಕೊಡುಗೆ ದೊಡ್ಡದು. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ 'ಅರ್ಕಾ ರಕ್ಷಕ್' ಎಲೆಮುಟುರು ನಂಜು, ಬ್ಯಾಕ್ಟೀರಿಯಾ ಸೊರಗು ಮತ್ತು ಮೊದಲು ಹೇಳಿದ ಉಂಗುರ ಚುಕ್ಕೆಯ ಅಂಗಮಾರಿ, ಈ ಮೂರಕ್ಕೂ ತಡೆಗುಣ ಹೊಂದಿದೆ. ನಂತರ ಬಂದ 'ಅರ್ಕಾ ಅಭೇದ್' ತಂಪು ಕಡೆಯ ಅಂಗಮಾರಿಯನ್ನೂ ತಡೆಯುತ್ತದೆ. ಇವು ಸಂಕರ ತಳಿಗಳು. ಹಣ್ಣಿನ ಬೀಜ ತೆಗೆದಿಟ್ಟು ಮರುವರ್ಷ ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಇನ್ನೊಂದು ಶತ್ರು ಕಣ್ಣಿಗೆ ಕಾಣದ್ದು. ಒಂದೇ ಸೂರಿನ ಕೆಳಗೆ ವರ್ಷವರ್ಷವೂ ಟೊಮೆಟೊ ಅಥವಾ ದೊಣ್ಣೆಮೆಣಸು ಬೆಳೆದರೆ ಬೇರುಗಂಟು ಜಂತು ಹೆಚ್ಚುತ್ತದೆ. ದೊಡ್ಡ ಪಾಲಿಹೌಸುಗಳಲ್ಲಿ ಎರಡು ಮೂರು ವರ್ಷಕ್ಕೆ ಇಳುವರಿ ಬೀಳುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಕಬ್ಬಿಣದ ಕಂಬ ಸಿಮೆಂಟಿನಲ್ಲಿ ಕೂತಿರುತ್ತದೆ, ಜಾಗ ಬದಲಿಸುವಂತಿಲ್ಲ. ಹಗುರ ಮಳೆಸೂರನ್ನು ಬಿಚ್ಚಿ ಪಕ್ಕದ ಗುಂಟೆಗೆ ಸಾಗಿಸಬಹುದು. ಬಿಟ್ಟ ಜಾಗದಲ್ಲಿ ಚೆಂಡುಹೂ ಹಾಕಿದರೆ ಜಂತು ಕಡಿಮೆಯಾಗುತ್ತದೆ, ದಸರಾ–ದೀಪಾವಳಿಗೆ ಹೂವೂ ಮಾರಾಟವಾಗುತ್ತದೆ.

ಲೆಕ್ಕ ಏನು ಹೇಳುತ್ತದೆ?

ಮೇ ಮಧ್ಯದಲ್ಲಿ ನೆರಳಿನಲ್ಲಿ ಬೀಜ ಹಾಕಿ, ಜೂನ್ ಎರಡನೇ ವಾರ ನಾಟಿ ಮಾಡಿದರೆ ಆಗಸ್ಟ್ ಕೊನೆಗೆ ಕೊಯ್ಲು ಶುರು. ಎಚ್ಚರದ ಅಂದಾಜಿಗೆ ಗಿಡಕ್ಕೆ 3 ಕೆಜಿ ಹಿಡಿಯೋಣ. 200 ಗಿಡಕ್ಕೆ 600 ಕೆಜಿ. ಕೆಜಿಗೆ 10 ರೂಪಾಯಿ ಸಿಕ್ಕರೆ 6,000. 30 ಸಿಕ್ಕರೆ 18,000. 60 ಸಿಕ್ಕರೆ 36,000. ಗಿಡ ಅವೇ, ದುಡಿಮೆ ಅದೇ, ಫಲ ಮಾತ್ರ ಆರು ಪಟ್ಟು ಆಚೀಚೆ.

2023 ನೆನಪಿರಬಹುದು. ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿಯ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಟೊಮೆಟೊ ಹೊಲಕ್ಕೆ ಕಾವಲು ಕೂತ ಸುದ್ದಿಗಳನ್ನು ಓದಿದೆವು. ಬೆಲೆ ನೋಡಿ ಎಲ್ಲರೂ ನಾಟಿ ಮಾಡಿದರು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಕುಸಿದು ಬಿತ್ತು. ಜುಲೈ ಬೆಲೆ ನಂಬಿ ಸಾಲ ಮಾಡಿದವನ ಕಂತನ್ನು ಸೆಪ್ಟೆಂಬರ್ ಬೆಲೆ ತುಂಬುವುದಿಲ್ಲ. ಒಂದು ಗುಂಟೆಯವನು ಅಂಥ ವರ್ಷ ಬೇಸರ ಪಡುತ್ತಾನೆ, 17 ಲಕ್ಷದವನ ಮನೆಗೆ ಬ್ಯಾಂಕಿನ ನೋಟಿಸು ಬರುತ್ತದೆ. ಸಣ್ಣದಾಗಿ ಶುರು ಮಾಡಿ ಎನ್ನುವುದಕ್ಕೆ ಇದೇ ಕಾರಣ.

ಹಾಗಾಗಿ ಸೂರಿನ ಕೆಳಗೆ ಟೊಮೆಟೊ ಒಂದನ್ನೇ ನಂಬಬಾರದು. ಮೂರು ಮಡಿಯಲ್ಲಿ ಒಂದನ್ನು ಕೊತ್ತಂಬರಿ, ಮೆಂತ್ಯೆ, ಪಾಲಕಿಗೆ ಕೊಡಬಹುದು. ಮಳೆಗೆ ಮೊದಲು ಕೊಳೆಯುವುದು ಸೊಪ್ಪು. ಹೊರಗೆ ಮಳೆ ಜೋರಾದ ವಾರವೇ ಕೊತ್ತಂಬರಿ ಕಟ್ಟಿನ ಬೆಲೆ ಏರುವುದು. ಇವು 25ರಿಂದ 40 ದಿನಕ್ಕೆ ಕೈಗೆ ಬರುತ್ತವೆ, ಒಂದು ಸಲ ತಪ್ಪಿದರೂ ಮುಂದಿನ ತಿಂಗಳು ಸರಿಮಾಡಿಕೊಳ್ಳಬಹುದು. ಮಾರಾಟಕ್ಕೆ ಅಡತಿಯೊಂದೇ ದಾರಿಯಲ್ಲ. 600 ಕೆಜಿ ಎಂದರೆ ಎರಡು ತಿಂಗಳಲ್ಲಿ ದಿನಕ್ಕೆ 10 ಕೆಜಿ. ಕಮಲಾಪುರದ ಖಾನಾವಳಿ, ಕಲಬುರಗಿಯ ಹಾಸ್ಟೆಲ್, ಮೆಸ್‌ಗಳಲ್ಲಿ ಎರಡು ಮೂರು ಗಿರಾಕಿ ಸಿಕ್ಕರೆ ಅಷ್ಟು ಮಾಲು ಮುಗಿಯುತ್ತದೆ. ನಮ್ಮ ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಗುರುತು ಪಡೆದ ಹಣ್ಣು. ಊರಿನ ಹೆಸರು ಹೇಳಿದರೆ ಗಿರಾಕಿ ತಿರುಗಿ ನೋಡುತ್ತಾನೆ ಎಂಬುದನ್ನು ನಮ್ಮ ಹಿರಿಯರು ತೋರಿಸಿಕೊಟ್ಟಿದ್ದಾರೆ.

ಹಣ್ಣಿಗಿಂತ ಮೊದಲು ಸಸಿ

ಉದ್ಯೋಗದ ದೃಷ್ಟಿಯಿಂದ ನೋಡಿದರೆ ಈ ಸೂರಿನ ಅತಿ ಭದ್ರ ಬೆಳೆ ಹಣ್ಣಲ್ಲ, ಸಸಿ. 98 ಗುಳಿಗಳ ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಬೀಜ ಹಾಕಿದರೆ 25 ದಿನಕ್ಕೆ ಸಸಿ ಸಿದ್ಧ. ಒಂದು ಗುಂಟೆಯಲ್ಲಿ ದಾರಿ ಬಿಟ್ಟೂ ಸಾವಿರಾರು ಸಸಿ ನಿಲ್ಲುತ್ತವೆ. ರೈತರು ಮುಂಗಡ ಕೊಟ್ಟು, ತಾವೇ ಬೀಜ ತಂದುಕೊಟ್ಟು ಸಸಿ ಮಾಡಿಸುವ ಪದ್ಧತಿಯೂ ಇದೆ. ಹಾಗಾದರೆ ಹಣ್ಣಿನ ಬೆಲೆ ಏರಿದರೇನು, ಇಳಿದರೇನು, ನಿಮ್ಮ ಕೂಲಿ ನಿಮಗೆ ಸಿಗುತ್ತದೆ. ಮೆಣಸಿನಕಾಯಿ, ಬದನೆ, ಹೂಕೋಸು, ಚೆಂಡುಹೂ ಎಲ್ಲದಕ್ಕೂ ಸಸಿ ಬೇಕು. ಮಳೆಯಲ್ಲಿ ಬಯಲಿನ ಸಸಿಮಡಿ ಬುಡಕೊಳೆತು ಸಾಯುವ ಕಾರಣ ಸೂರಿನ ಸಸಿಗೆ ಬೇಡಿಕೆ ಇದ್ದೇ ಇರುತ್ತದೆ. ಮುಂದೆ ಕಸಿ ಕಲಿತರೆ ಅದೇ ಸಸಿಗೆ ಇನ್ನಷ್ಟು ಬೆಲೆ.

ಕಲಿಯಲು ಜಾಗಗಳಿವೆ. ಕಲಬುರಗಿಯಲ್ಲಿಯೇ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಮತ್ತು ಕೃಷಿ ವಿಜ್ಞಾನ ಕೇಂದ್ರ ಇವೆ. ಪಕ್ಕದ ಬೀದರಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜಿದೆ. ರಾಜ್ಯ ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ 10 ತಿಂಗಳ ತರಬೇತಿ ನಡೆಸುತ್ತದೆ, ಶಿಷ್ಯವೇತನವೂ ಉಂಟು. ಕೃಷಿ ಮತ್ತು ತೋಟಗಾರಿಕೆ ಓದಿದವರಿಗೆ 2002ರಿಂದ ಇರುವ ಕೃಷಿ ಕ್ಲಿನಿಕ್ ಯೋಜನೆಯಲ್ಲಿ 45 ದಿನಗಳ ಉಚಿತ ತರಬೇತಿ, 20 ಲಕ್ಷದವರೆಗಿನ ಯೋಜನೆಗೆ ಸಾಲ, ಅದರ ಮೇಲೆ 36 ಶೇಕಡಾ ಸಹಾಯಧನ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅದು 44 ಶೇಕಡಾ. ಆದರೆ ಈ ಬಾಗಿಲು ತಟ್ಟುವ ಮೊದಲು ಒಂದು ಮಳೆಗಾಲ ನಿಮ್ಮದೇ ಗುಂಟೆಯಲ್ಲಿ ಕಳೆದಿರಬೇಕು. ಬ್ಯಾಂಕಿನ ಮ್ಯಾನೇಜರ್ ಎದುರು ಆಗ ನೀವು ಯೋಜನಾ ವರದಿಯ ಜೊತೆಗೆ ನಿಮ್ಮ ಕೈಯಾರೆ ಬರೆದ ಖರ್ಚು–ಆದಾಯದ ವಹಿಯನ್ನೂ ಇಡಬಹುದು.

ಓದು ಬಿಟ್ಟು ಹೊಲಕ್ಕೆ ಹೋಗಿ ಎಂದು ಇಲ್ಲಿ ಯಾರಿಗೂ ಹೇಳುತ್ತಿಲ್ಲ. ಒಂದು ಗುಂಟೆಗೆ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಸಾಕು. ಮಧ್ಯದ ಹೊತ್ತು ಪುಸ್ತಕಕ್ಕೆ ಇದೆ. ಒಂದು ಗುಂಟೆ ನೌಕರಿಯ ಸಂಬಳಕ್ಕೆ ಸಮ ಎಂದೂ ಹೇಳುತ್ತಿಲ್ಲ. ಮೇಲಿನ ಲೆಕ್ಕವೇ ಅದು ಸಮವಲ್ಲ ಎನ್ನುತ್ತದೆ. ಆದರೆ ಆ ಗುಂಟೆಯಲ್ಲಿ ಹವೆ, ರೋಗ, ನೀರು, ಪೇಟೆ ನಾಲ್ಕನ್ನೂ ಕಡಿಮೆ ಖರ್ಚಿನಲ್ಲಿ ಕಲಿಯಬಹುದು. ಐದು ಗುಂಟೆಗೆ ಬೆಳೆಯಬೇಕೋ, ಸಸಿ ನರ್ಸರಿ ಮಾಡಬೇಕೋ, ಇದು ನನ್ನ ದಾರಿಯಲ್ಲ ಎಂದು ಬಿದಿರು ಬಿಚ್ಚಿ ಅಂಗಳಕ್ಕೆ ಒರಗಿಸಬೇಕೋ ಎಂಬುದನ್ನು ಎರಡನೇ ವರ್ಷ ನಿರ್ಧರಿಸಿದರಾಯಿತು. ಹಾಗೆ ಬಿಚ್ಚಿಟ್ಟರೂ ತಲೆಯ ಮೇಲೆ ಸಾಲ ಇರುವುದಿಲ್ಲ, ಅಪ್ಪನ ಪಹಣಿ ಮನೆಯಲ್ಲೇ ಇರುತ್ತದೆ.

ಮುಂದಿನ ಮೇ ತಿಂಗಳಿಗೆ ಇನ್ನೂ ಸಮಯವಿದೆ. ಅಷ್ಟರೊಳಗೆ ಮಾಡಬೇಕಾದ ಕೆಲಸ ಮೂರು: ಊರಿನಲ್ಲಿ ನೀರು ನಿಲ್ಲದ ಒಂದು ಗುಂಟೆ ಗುರುತಿಸುವುದು, ಕೃಷಿ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಹೋಗಿ ಮಣ್ಣು ಪರೀಕ್ಷೆ ಮಾಡಿಸುವುದು, 24 ಕೆಜಿ ಹಾಳೆಯ ದರ ಕೇಳಿ ವಹಿಯ ಮೊದಲ ಸಾಲಿನಲ್ಲಿ ಬರೆಯುವುದು.